ಕೀನ್‌ನ ನಟನೆ ಎಲ್ಲಿ ಹೋಯಿತು?

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ರಂಗನಟ ಎಡ್ಮಂಡ್ ಕೀನ್ ಕುರಿತ ನಿಮ್ಮ ಲೇಖನದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅವನ ಕುಡಿತಕ್ಕೂ 1825ರ ವ್ಯಭಿಚಾರದ ಮೊಕದ್ದಮೆಗೂ ಹೋಗಿರುವುದು ನೋವು ತಂದಿತು. ಅವೆಲ್ಲ ನಿಜವೇ. ಆದರೆ ನಟನ ಬಗ್ಗೆ ಬರೆಯುವಾಗ ನಟನೆ ಮುಂದೆ ನಿಲ್ಲಬೇಡವೇ?

1814ರ ಜನವರಿ 26ರ ರಾತ್ರಿಯನ್ನೇ ನೋಡಿ. ಊರೂರು ಅಲೆದು ಹೊಟ್ಟೆ ಹೊರೆದವನು, ಕೆಲವೇ ವಾರಗಳ ಹಿಂದೆ ಹಿರಿಯ ಮಗನನ್ನು ಮಣ್ಣು ಮಾಡಿದವನು, ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ನಾಟಕದ ಯಹೂದಿ ಲೇವಾದೇವಿಗಾರ ಶೈಲಾಕ್ ಆಗಿ ನಿಂತ. ಎದುರಿಗೆ ಬಹಳಷ್ಟು ಆಸನಗಳು ಖಾಲಿ. ಶೈಲಾಕ್ ಎಂದರೆ ಕೆಂಪು ಕೂದಲು ಎಂಬ ರೂಢಿಯನ್ನು ಬದಿಗಿಟ್ಟು ಕಪ್ಪು ಕೂದಲು, ಕಪ್ಪು ಗಡ್ಡ ಕಟ್ಟಿಕೊಂಡಿದ್ದ. ಅಷ್ಟು ಸಣ್ಣ ಬದಲಾವಣೆ! ರಕ್ಕಸನಿದ್ದ ಜಾಗದಲ್ಲಿ ಅವಮಾನದಿಂದ ಬೆಂದ ಮನುಷ್ಯನೊಬ್ಬ ಕಾಣಿಸಿದ. ವಿಮರ್ಶಕ ಹ್ಯಾಜ್ಲಿಟ್ ಮನಸಾರೆ ಮೆಚ್ಚಿ ಬರೆದ.

ಲೇಖನ ಪೂರ್ತಿ ಮರೆತಿರುವುದು 1823ರ 'ಕಿಂಗ್ ಲಿಯರ್'. ಕವಿ ನೇಹಮ್ ಟೇಟ್ 1681ರಲ್ಲಿ ತಿದ್ದಿದ ಸುಖಾಂತವೇ ಅಲ್ಲಿಯವರೆಗೂ ನಡೆಯುತ್ತಿತ್ತು. ಅದರಲ್ಲಿ ಲಿಯರ್ ರಾಜನ ಮಗಳು ಕಾರ್ಡೀಲಿಯಾ ಬದುಕುಳಿದು ಮದುವೆಯಾಗುತ್ತಾಳೆ. ಮಗಳ ಹೆಣವನ್ನು ಹೊತ್ತು ತಂದೆ ಬರುವ ಷೇಕ್ಸ್‌ಪಿಯರನ ಮೂಲ ಅಂತ್ಯವನ್ನು ರಂಗಕ್ಕೆ ಮರಳಿ ತಂದವನು ಕೀನ್. ಜನ ಒಪ್ಪಲಿಲ್ಲ, ಕೆಲವೇ ಪ್ರದರ್ಶನಗಳಲ್ಲಿ ನಿಂತುಹೋಯಿತು. ನನ್ನ ಮಟ್ಟಿಗೆ ಅವನ ಬದುಕಿನ ದೊಡ್ಡ ಸಾಹಸ ಅದೇ.

ರಂಗದ ಮೇಲಿನ ಅವನ ಕೊನೆಯ ದಿನವನ್ನೂ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. 1833ರ ಮಾರ್ಚ್ 25, ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರ, ಷೇಕ್ಸ್‌ಪಿಯರನ 'ಒಥೆಲೊ' ನಾಟಕ. ಅವನು ಒಥೆಲೊ, ಮಗ ಚಾರ್ಲ್ಸ್ ಖಳನಾಯಕ ಇಯಾಗೊ. ನಾಟಕದ ನಡುವೆಯೇ ಕುಸಿದು ಮಗನ ತೋಳಿಗೆ ಬಿದ್ದ. ಮೇ 15ರಂದು ತೀರಿಕೊಂಡ.