ವಯಸ್ಸಾದ ಮೇಲೆ ಮನಸ್ಸು ಕುಗ್ಗುವುದು ಸಹಜವೇ?

"ವಯಸ್ಸಾದ ಮೇಲೆ ಖಿನ್ನತೆ ಸಹಜ, ಔಷಧಿ ಬೇಡ, ಭಜನೆ ಸಾಕು." ಕಾಸರಗೋಡಿನ ಕುಟುಂಬ ಗ್ರೂಪುಗಳಲ್ಲಿ ಇಂಥ ಸಂದೇಶ ಆಗಾಗ ಬರುತ್ತದೆ. ಕಳಿಸುವವರ ಕಾಳಜಿ ನಿಜವೇ. ಆದರೆ ಮಾತು ತಪ್ಪು.

ಬೇಸರ ಬಂದು ಹೋಗುತ್ತದೆ. ಖಿನ್ನತೆ ಕಾಯಿಲೆ, ಯಾವ ವಯಸ್ಸಲ್ಲೂ ಅದಕ್ಕೆ ಚಿಕಿತ್ಸೆ ಇದೆ. ಎರಡು ವಾರವಾದರೂ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರುವುದಿಲ್ಲ, ನಿದ್ದೆ ಇಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಹಿರಿಯರು ಬೇಜಾರು ಅನ್ನುವುದಕ್ಕಿಂತ ಮೈಕೈ ನೋವು, ಸುಸ್ತು ಅನ್ನುವುದೇ ಜಾಸ್ತಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಕೆಲವು ಮಾತ್ರೆಗಳೂ ಇದಕ್ಕೆ ಕಾರಣ ಆಗಬಹುದು. ಕಿವಿ ಮಂದವಾದವರು ಮನೆಯ ಮಾತುಕತೆಯಿಂದಲೇ ದೂರವಾಗುತ್ತಾರೆ.

ಒಂಟಿತನವೂ ಸಣ್ಣದಲ್ಲ. ಬದಿಯಡ್ಕ, ಪೈವಳಿಕೆ ಕಡೆ ಅಡಿಕೆ ತೋಟದ ಮನೆಗಳು ದೂರ ದೂರ. ಮಕ್ಕಳು ಬೆಂಗಳೂರಲ್ಲೋ ಗಲ್ಫಲ್ಲೋ. ಮಂಡಿ ನೋವಿನ ಅಜ್ಜಿಗೆ ಗುಡ್ಡ ಇಳಿದು ಬಸ್ ಹಿಡಿಯುವುದೇ ಕಷ್ಟ. ಮಳೆಗಾಲದಲ್ಲಂತೂ ಜಗಲಿಯೇ ಲೋಕ. ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಕೇಳಿದರೆ, ಕನ್ನಡ, ತುಳು ಮಾತ್ರ ಬರುವವರು "ಏನಿಲ್ಲ" ಅಂದು ಎದ್ದು ಬರುತ್ತಾರೆ. ಜೊತೆಗೆ ಒಬ್ಬರು ಹೋಗಲೇಬೇಕು ಅನ್ನುವುದು ಅದಕ್ಕೇ.

ಭಜನೆಗೆ ಹೋದರೆ ನಾಲ್ಕು ಜನ ಸಿಗುತ್ತಾರೆ, ಒಳ್ಳೆಯದೇ ಅಲ್ವಾ? ಆದರೆ ಅದಕ್ಕಾಗಿ ಮಾತ್ರೆ ನಿಲ್ಲಿಸಬೇಡಿ.

ಇಂಥ ಸಂದೇಶ ಬಂದಾಗ ಬರೆದವರು ಯಾರು, ಯಾವಾಗ ಅಂತ ನೋಡಿ. "ಎಲ್ಲರಿಗೂ", "ಔಷಧಿ ಬೇಡವೇ ಬೇಡ" ಅಂತಿದ್ದರೆ ಫಾರ್ವರ್ಡ್ ಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ ಕೇಳಿ. ಸರಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಹಿರಿಯರ ಬಾಯಲ್ಲಿ ಸಾಯುವ ಮಾತು ಬಂದರೆ ಅವತ್ತೇ ಕರೆ ಮಾಡಿ.