ಸ್ಕೇಲು ಸ್ಕೂಲಲ್ಲಿದೆ

ಮೇಜಿನ ಉದ್ದ ಅಳೆಯಬೇಕಿತ್ತು. ಎರಡನೇ ಕ್ಲಾಸಿನ ಗಣಿತ, ಐದು ನಿಮಿಷದ ಕೆಲಸ ಅಂದುಕೊಂಡೆ. "ಸ್ಕೇಲ್ ತಗೊಂಡು ಬಾ" ಅಂದೆ. ಮಗಳು ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದಳು.

"ಸ್ಕೇಲು ಸ್ಕೂಲಲ್ಲಿದೆ ಅಪ್ಪ."

ಈ ಮಾತು ಈಗ ನಮ್ಮ ಮನೆಯಲ್ಲಿ ಗಾದೆಯಾಗಿಬಿಟ್ಟಿದೆ. ಬೀಗದ ಕೈ ಸಿಗದಿದ್ದರೂ ಸರಿ, ಕನ್ನಡಕ ಕಾಣದಿದ್ದರೂ ಸರಿ, "ಸ್ಕೂಲಲ್ಲಿದೆ" ಅಂತ ಯಾರೋ ಒಬ್ಬರು ಹೇಳುತ್ತಾರೆ, ಉಳಿದವರು ನಗುತ್ತಾರೆ. ಹುಡುಕುತ್ತಿರುವವನು ನಗುವುದಿಲ್ಲ. ಹೆಚ್ಚಾಗಿ ಅವನು ನಾನೇ.

ನಮ್ಮ ಮಗಳದ್ದು ಹೈಬ್ರಿಡ್ ಸ್ಕೂಲು. ಅಂದರೆ ಕ್ಲಾಸನ್ನು ಎರಡು ಬ್ಯಾಚ್ ಮಾಡಿದ್ದಾರೆ. ಎ ಬ್ಯಾಚಿನವರು ಸೋಮವಾರ, ಮಂಗಳವಾರ ಸ್ಕೂಲಿಗೆ ಹೋಗಬೇಕು. ಬಿ ಬ್ಯಾಚಿನವರು ಗುರುವಾರ, ಶುಕ್ರವಾರ. ಬುಧವಾರ ಎಲ್ಲರೂ ಮನೆಯಲ್ಲೇ. ಮನೆಯ ದಿನ ಅಂದರೆ ರಜಾ ದಿನ ಅಂತ ಯಾರಾದರೂ ತಿಳಿದುಕೊಂಡಿದ್ದರೆ ಅವರಿಗೆ ಮಕ್ಕಳಿಲ್ಲ ಅಂತ ಅರ್ಥ. ಅವತ್ತು ಸ್ವಲ್ಪ ಹೊತ್ತು ಲೈವ್ ಕ್ಲಾಸು. ಮಿಸ್ಸು ಅಲ್ಲಿ ಎದುರಿಗಿರುವ ಮಕ್ಕಳಿಗೂ, ಲ್ಯಾಪ್‌ಟಾಪ್ ಒಳಗಿರುವ ಮಕ್ಕಳಿಗೂ ಒಟ್ಟಿಗೇ ಪಾಠ ಮಾಡುತ್ತಾರೆ. ಉಳಿದದ್ದನ್ನು ಮಗು ತನ್ನ ಪಾಡಿಗೆ ತಾನು ಮಾಡಬೇಕು. ಇದಕ್ಕೆ ಅಸಿಂಕ್ರನಸ್ ಅಂತ ಹೆಸರು. ಏಳು ವರ್ಷದ ಮಗು ತನ್ನ ಪಾಡಿಗೆ ತಾನು ಏನೇನು ಮಾಡುತ್ತೆ ಅಂತ ನಮಗೆಲ್ಲ ಗೊತ್ತು, ಅದರಲ್ಲಿ ಗಣಿತ ಇರುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಒಬ್ಬ ದೊಡ್ಡವರು ಕೂರಬೇಕು. ಅವರಿಗೆ ಲರ್ನಿಂಗ್ ಕೋಚ್ ಅಂತ ಬಿರುದು. ಸಂಬಳ ಇಲ್ಲ, ಬೈಗುಳ ಮಾತ್ರ ಎರಡೂ ಕಡೆಯಿಂದ.

ಇದರಲ್ಲಿ ಕಷ್ಟ ಇಂಟರ್ನೆಟ್ಟಿನದು ಅಂತ ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಅಸಲಿ ಕಷ್ಟ ಬ್ಯಾಗಿನದು. ಎರಡು ಕಡೆ ಸ್ಕೂಲು, ಒಂದೇ ಬ್ಯಾಗು. ಮನೆಯಲ್ಲಿ ಬೇಕಾದ ಪುಸ್ತಕ ಸ್ಕೂಲಿನ ಡೆಸ್ಕಿನಲ್ಲಿರುತ್ತೆ. ಸ್ಕೂಲಿನಲ್ಲಿ ಬೇಕಾದ ಟ್ಯಾಬಿನ ಚಾರ್ಜರು ಮನೆಯ ಸಾಕೆಟ್ಟಿನಲ್ಲಿ ನೇತಾಡುತ್ತಿರುತ್ತೆ. ಇದಕ್ಕೆ ಪರಿಹಾರ ಅಂತ ನನ್ನ ಹೆಂಡತಿ ಎಲ್ಲವನ್ನೂ ಎರಡೆರಡು ತಂದಳು. ಎರಡು ಸ್ಕೇಲು, ಎರಡು ಕತ್ತರಿ, ಎರಡು ಗೋಂದು. ಒಂದೇ ವಾರ. ಎರಡೂ ಸ್ಕೇಲು ಸ್ಕೂಲಿನಲ್ಲಿ ಒಟ್ಟಿಗೇ ಇದ್ದವು.

ಸರಿ, ಮೇಜು ಅಳೆಯಬೇಕಲ್ಲ. ನನಗೊಂದು ಐಡಿಯಾ ಬಂತು. ಪ್ರಿಂಟರಿನ ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್ ಅಂತ ನನಗೆ ಬಾಯಿಪಾಠ. ಆಫೀಸಿನಲ್ಲಿ ಇಷ್ಟು ವರ್ಷ ಸವೆಸಿದ್ದಕ್ಕೆ ಕಲಿತದ್ದು ಅದೊಂದೇ. ಹಾಳೆಯನ್ನು ಮೇಜಿನ ಮೇಲೆ ಇಟ್ಟು, ಬೆರಳಲ್ಲಿ ಗುರುತು ಹಿಡಿದು, ಮತ್ತೆ ಇಟ್ಟು, ಒಟ್ಟು ನಾಲ್ಕು ಸಲ ಇಟ್ಟಾಗ ಮೇಜು ಸರಿಯಾಗಿ ಮುಗಿಯಿತು. 118.8 ಅಂತ ಟೈಪ್ ಮಾಡು ಅಂದೆ. ಆ್ಯಪು ಚುಕ್ಕಿಯನ್ನೇ ತೆಗೆದುಕೊಳ್ಳಲಿಲ್ಲ. "ಚುಕ್ಕಿ ಅಂದ್ರೆ ಏನಪ್ಪ?" ಅಂತ ಮಗಳು ಕೇಳಿದಳು. ಅಲ್ಲಿ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಕೋಚ್ ಅಲ್ವಾ, ಮುಕ್ಕಾಲು ಗಂಟೆ ದಶಮಾಂಶ ಹೇಳಿಕೊಟ್ಟೆ. ಅವಳು ಅತ್ತಳು. ನನಗೂ ಅಳು ಬರುವುದರಲ್ಲಿತ್ತು. ಕೊನೆಗೆ ಮಿಸ್ಸಿಗೆ ಮೆಸೇಜ್ ಮಾಡಿದರೆ ಅವರ ಉತ್ತರ ಎರಡೇ ಸಾಲು: "ಸರ್, ಎಷ್ಟು ಗೇಣು ಅಂತ ಅಳೆದರೆ ಸಾಕಿತ್ತು. ಪ್ರಶ್ನೆ ಪೂರ್ತಿ ಓದಿ."

ಕೈ ಮಾತ್ರ ಮನೆಯಲ್ಲೇ ಇತ್ತು ನೋಡಿ, ಅದು ಹೊಳೆಯಲಿಲ್ಲ.

ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಕೋಚ್ ಕೆಲಸ ನನ್ನ ಅಮ್ಮನದು. ಅಮ್ಮ ಪಕ್ಕದಲ್ಲಿ ಕೂರುವುದು ಮೊಮ್ಮಗಳು ಎದ್ದು ಓಡಿಹೋಗದ ಹಾಗೆ ನೋಡಿಕೊಳ್ಳಲು ಮಾತ್ರ. ಆದರೆ ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಅವರಿಗೇ ಹುರುಪು ಬರುತ್ತೆ. ಒಂದು ದಿನ ಮಿಸ್ಸು "ಎಂಟು ಕೂಡಿಸು ಆರು ಎಷ್ಟು ಮಕ್ಕಳೇ?" ಅಂದದ್ದೇ ತಡ, ಹಿಂದಿನಿಂದ "ಹದಿನಾಲ್ಕು!" ಅಂತ ಗಟ್ಟಿಯಾಗಿ ಒಂದು ದನಿ. ಮೈಕ್ ಆನ್ ಇತ್ತು. ಮಿಸ್ಸು ಒಂದು ಕ್ಷಣ ತಡೆದು, "ಉತ್ತರ ಸರಿ ಇದೆ. ಆದ್ರೆ ಅಜ್ಜೀ, ಕೈ ಎತ್ತಿ ಹೇಳ್ಬೇಕು" ಅಂದರು. ಅಮ್ಮನಿಗೆ ಇದು ಅವಮಾನ ಅನ್ನಿಸಲೇ ಇಲ್ಲ. ಕೈ ಎತ್ತುವ ಬಟನ್ ಎಲ್ಲಿದೆ ಅಂತ ಸಂಜೆ ನನ್ನನ್ನು ಕೇಳಿ ತಿಳಿದುಕೊಂಡರು. ಈಗ ಅವರು ಶಿಸ್ತಾಗಿ ಕೈ ಎತ್ತುತ್ತಾರೆ.

ನಾನು ಇನ್ನೂ ಬುದ್ಧಿವಂತ. ಮೀಟಿಂಗ್ ಇಲ್ಲದ ಒಂದು ದಿನ, ಪಾಠ ಏನು ನಡೀತಿದೆ ಅಂತ ನನಗೂ ತಿಳಿಯಲಿ ಅಂತ ನನ್ನ ಫೋನಿನಿಂದಲೂ ಕ್ಲಾಸಿಗೆ ಸೇರಿಕೊಂಡೆ. ಅದೂ ಅವಳ ಪಕ್ಕದಲ್ಲೇ ಕೂತು. ಅವಳ ಸ್ಪೀಕರಿನ ಸದ್ದು ನನ್ನ ಮೈಕಿಗೆ, ನನ್ನದು ಅವಳದಕ್ಕೆ, ಹೀಗೆ ಸುತ್ತಿ ಸುತ್ತಿ ಬೆಳೆದು ಒಂದು ಕೂಗು ಹೊರಟಿತು. ಅಷ್ಟೂ ಮಕ್ಕಳು ಒಟ್ಟಿಗೆ ಕಿವಿ ಮುಚ್ಚಿಕೊಂಡದ್ದು ಪರದೆಯಲ್ಲಿ ಸಾಲಾಗಿ ಕಾಣುತ್ತಿತ್ತು, ನೋಡಲು ಕವಾಯತಿನ ಹಾಗಿತ್ತು.

ಸ್ಲೇಟಿನ ಕತೆ ಬೇರೆ. ಮಿಸ್ಸು ಹೇಳಿದ ಪದವನ್ನು ಬರೆದು ಕ್ಯಾಮೆರಾಕ್ಕೆ ತೋರಿಸಬೇಕು. ಹಿಂದೆ ಒಣಗಲು ಹಾಕಿದ ಬಟ್ಟೆ ಕಾಣಬಾರದು ಅಂತ ನಾವು ಹಿನ್ನೆಲೆ ಮಸುಕು ಮಾಡಿದ್ದೆವು. ಆ ಸಾಫ್ಟ್‌ವೇರಿಗೆ ಮನುಷ್ಯರ ಆಕಾರ ಮಾತ್ರ ಗೊತ್ತು, ಉಳಿದದ್ದೆಲ್ಲ ಅದರ ಲೆಕ್ಕದಲ್ಲಿ ಗೋಡೆ. ಮಗಳು ಸ್ಲೇಟ್ ಎತ್ತಿ ಹಿಡಿದರೆ ಸ್ಲೇಟು ಮಾಯ, ಎರಡು ಕೈ ಮಾತ್ರ ಗಾಳಿಯಲ್ಲಿ. "ಪುಟ್ಟಾ, ಬರೆದಿದ್ದು ತೋರಿಸು" ಅಂತ ಮಿಸ್ಸು, "ತೋರಿಸ್ತಿದ್ದೀನಲ್ಲ ಮಿಸ್" ಅಂತ ಇವಳು. ಮಸುಕು ತೆಗೆದೆ. ಬಟ್ಟೆ ಬಂತು, ಸ್ಲೇಟೂ ಬಂತು. ಆದರೆ ಅಕ್ಷರ ಉಲ್ಟಾ! ಕನ್ನಡಿಯಲ್ಲಿ ಕಂಡ ಹಾಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅಯ್ಯೋ, ಮಿಸ್ಸಿಗೆ ಹೀಗೇ ಕಾಣುತ್ತೆ ಅಂತ ಗಾಬರಿಯಾಗಿ, ಮಗಳ ಕೈ ಹಿಡಿದು, ಕಷ್ಟಪಟ್ಟು, ಪದವನ್ನು ಉಲ್ಟಾ ಬರೆಸಿದೆ. ನಮ್ಮ ಪರದೆಯಲ್ಲಿ ಈಗ ಮುತ್ತಿನಂಥ ಅಕ್ಷರ. ಮಿಸ್ಸಿನ ಮುಖ ಮಾತ್ರ ಸಪ್ಪಗಾಯಿತು.

ಆಮೇಲೆ ಗೊತ್ತಾಯಿತು. ನಮ್ಮ ಚಿತ್ರವನ್ನು ನಮಗೆ ಮಾತ್ರ ಕನ್ನಡಿಯ ಹಾಗೆ ತಿರುಗಿಸಿ ತೋರಿಸುತ್ತಾರೆ, ಇಲ್ಲದಿದ್ದರೆ ತಲೆ ಬಾಚಿಕೊಳ್ಳಲು ಹೋದವರಿಗೆ ಕೈ ಯಾವ ಕಡೆ ಹೋಗ್ತಿದೆ ಅಂತ ತಲೆಕೆಡುತ್ತೆ. ಎದುರಿನವರಿಗೆ ಎಲ್ಲವೂ ಸರಿಯಾಗೇ ಕಾಣುತ್ತೆ. ಈ ಜ್ಞಾನ ನನಗೆ ಬರುವ ಹೊತ್ತಿಗೆ ಮಗಳು ನಾಲ್ಕು ದಿನ ಉಲ್ಟಾ ಬರೆದಾಗಿತ್ತು. ಈ ವಯಸ್ಸಿನ ಮಕ್ಕಳು ಕೆಲವು ಅಕ್ಷರ, ಅಂಕಿ ತಿರುಗಿಸಿ ಬರೆಯುವುದು ಸಾಮಾನ್ಯ, ತಾನಾಗೇ ಸರಿಹೋಗುತ್ತೆ ಅಂತ ಮಿಸ್ಸು ಸಮಾಧಾನ ಹೇಳಿದರು. ಇದು ನಾನು ಹೇಳಿಕೊಟ್ಟದ್ದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಇಷ್ಟೆಲ್ಲ ಆದಮೇಲೆ ನನಗೆ ಹಿಂದಿನವರ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಮನೆಯಲ್ಲೇ ಸ್ಕೂಲು ಅನ್ನುವುದು 2020ರಲ್ಲಿ ಹುಟ್ಟಿದ್ದು ಅಂತ ನಾನು ತಿಳಿದಿದ್ದೆ. ಆ ವರ್ಷ ಜಗತ್ತಿನಲ್ಲಿ 150 ಕೋಟಿಗೂ ಜಾಸ್ತಿ ವಿದ್ಯಾರ್ಥಿಗಳಿಗೆ ಶಾಲೆಯ ಬಾಗಿಲು ಮುಚ್ಚಿತ್ತಲ್ಲ, ಆಗಿನದು. ನೋಡಿದರೆ 1937ರಲ್ಲೇ ಅಮೆರಿಕದ ಶಿಕಾಗೋದಲ್ಲಿ ಪೋಲಿಯೋ ಹಬ್ಬಿ ಶಾಲೆ ತೆರೆಯಲಾಗದೆ ಇದ್ದಾಗ ರೇಡಿಯೋದಲ್ಲಿ ಪಾಠ ಮಾಡಿದ್ದರು. ಒಂದೊಂದು ಪಾಠ ಬರೀ 15 ನಿಮಿಷ. ಯಾವ ಪಾಠ ಎಷ್ಟು ಹೊತ್ತಿಗೆ ಅಂತ ಪೇಪರಿನಲ್ಲಿ ಬರುತ್ತಿತ್ತು. ಹದಿನೈದು ನಿಮಿಷ! ಪಾಸ್‌ವರ್ಡ್ ಇಲ್ಲ, ಒಣಗಲು ಹಾಕಿದ ಬಟ್ಟೆ ಯಾರಿಗೂ ಕಾಣುವುದಿಲ್ಲ, ಅಜ್ಜಿ ಎಷ್ಟು ಗಟ್ಟಿಯಾಗಿ ಹದಿನಾಲ್ಕು ಅಂದರೂ ರೇಡಿಯೋಗೆ ಕೇಳುವುದಿಲ್ಲ. 1951ರಲ್ಲಿ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ದೂರ ದೂರದ ಒಂಟಿ ಮನೆಗಳ ಮಕ್ಕಳಿಗಾಗಿ ಗಾಳಿಯ ಶಾಲೆ ಶುರುವಾಯಿತು, ವಿಮಾನದಲ್ಲಿ ಹಾರಿಹೋಗುವ ಡಾಕ್ಟರುಗಳ ರೇಡಿಯೋ ಬಳಸಿಕೊಂಡು. ಆ ರೇಡಿಯೋಗಳಲ್ಲಿ ಮೊದಲಿನವಕ್ಕೆ ಸೈಕಲ್ಲಿನ ಹಾಗೆ ಪೆಡಲ್ ಇತ್ತು, ಕಾಲಲ್ಲಿ ತುಳಿದರೆ ಕರೆಂಟು. ಇದನ್ನು ಮಗಳಿಗೆ ಹೇಳಿದೆ. ಅವಳಿಗೆ ಪೆಡಲ್ ಬಹಳ ಹಿಡಿಸಿತು. ಅವತ್ತಿಂದ ನೆಟ್ ನಿಧಾನವಾದರೆ ಸಾಕು, "ಅಪ್ಪ, ತುಳಿ" ಅನ್ನುತ್ತಾಳೆ.

ನೆಟ್ಟಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಎಷ್ಟೋ ಮನೆಗಳ ಕನೆಕ್ಷನ್ನಿನಲ್ಲಿ ಒಳಗೆ ಬರುವ ಪೈಪು ದಪ್ಪ, ಹೊರಗೆ ಹೋಗುವ ಪೈಪು ಸಣ್ಣ. ಅದಕ್ಕೇ ನಮಗೆ ಮಿಸ್ಸು ಚೆನ್ನಾಗಿ ಕಾಣುತ್ತಿರುತ್ತಾರೆ, ಅವರಿಗೆ ಮಾತ್ರ ನಮ್ಮ ಮಗು ಆಕಳಿಸುತ್ತಾ ಅರ್ಧಕ್ಕೇ ಕಲ್ಲಾಗಿರುತ್ತೆ. ನಾನೂ ಹೆಂಡತಿಯೂ ಒಟ್ಟಿಗೆ ಮೀಟಿಂಗಿಗೆ ಕೂತರಂತೂ ಅವಳು ಪೂರ್ತಿ ವಿಗ್ರಹ. ಇದನ್ನು ಅವಳು ಚೆನ್ನಾಗಿ ಗಮನಿಸಿಕೊಂಡಳು. ಗೊತ್ತಿಲ್ಲದ ಪ್ರಶ್ನೆ ಬಂದರೆ ಬಾಯಿ ತೆರೆದು, ಕಣ್ಣು ಮಿಟುಕಿಸದೆ, ಹಾಗೇ ಕೂರುವುದನ್ನು ಅಭ್ಯಾಸ ಮಾಡಿಕೊಂಡಳು. "ಪಾಪ, ನೆಟ್ ಹೋಯ್ತು ಅನ್ಸುತ್ತೆ" ಅಂತ ಮಿಸ್ಸು ಮುಂದಿನವರನ್ನು ಕೇಳುತ್ತಿದ್ದರು. ಎರಡು ವಾರ ನಡೆಯಿತು. ಸಿಕ್ಕಿಬಿದ್ದದ್ದು ಹೇಗೆ ಅಂದರೆ, ಅವಳು ಅಲುಗಾಡದಿದ್ದರೂ ಹಿಂದೆ ಫ್ಯಾನು ತಿರುಗುತ್ತಿತ್ತು.

ಸಂಜೆಯ ಅಪ್‌ಲೋಡ್ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ, ರಕ್ತದೊತ್ತಡ ಏರುತ್ತೆ. ಮನೆಯ ದಿನದ ಹಾಜರಿಗೆ ಲಾಗಿನ್ ಆದರೆ ಸಾಲದು, ಬರೆದ ಪುಟದ ಫೋಟೋನೂ ಹೋಗಬೇಕು. ಫೋಟೋ ಅಡ್ಡಡ್ಡ ಇರುತ್ತೆ, ಅರ್ಧ ಪುಟದ ಮೇಲೆ ನನ್ನ ತಲೆಯ ನೆರಳಿರುತ್ತೆ, ಎಲ್ಲ ಸರಿಯಿದ್ದರೆ ಫೈಲು ದೊಡ್ಡದಾಯಿತು ಅಂತ ವಾಪಸ್ ಬರುತ್ತೆ. ಒಂದು ಸಲ ಇಷ್ಟೆಲ್ಲ ಗೆದ್ದು ಕಳಿಸಿದ್ದು ನನ್ನ ಆಫೀಸಿನ ಖರ್ಚಿನ ಬಿಲ್ಲು. ಮಿಸ್ಸು ಅದಕ್ಕೂ "ಅಕ್ಷರ ಸುಧಾರಿಸಬೇಕು" ಅಂತ ಬರೆದಿದ್ದರು. ಬಿಲ್ಲಿನ ಮೇಲಿದ್ದದ್ದು ನಮ್ಮ ಮ್ಯಾನೇಜರ್ ಸಹಿ.

ಕಳೆದ ವಾರದ್ದು ಹೇಳಿ ಮುಗಿಸುತ್ತೇನೆ. ಮಧ್ಯೆ ಒಂದು ರಜೆ ಬಂದಿತ್ತು, ಅದಕ್ಕೆ ಆ ವಾರ ಬ್ಯಾಚ್ ಅದಲು ಬದಲು. ಈ ಸಂಗತಿ ಪೋಷಕರ ಗ್ರೂಪಿಗೆ ರಾತ್ರಿ ಬಂದಿತ್ತಂತೆ. ಅದರ ಕೆಳಗೆ ನಲವತ್ತು ಜನ "ಥ್ಯಾಂಕ್ಯೂ ಮಿಸ್" ಹಾಕಿದ್ದರು. ಬೆಳಗ್ಗೆ ನಾನು ಫೋನ್ ತೆಗೆದಾಗ ಕಂಡದ್ದು ಥ್ಯಾಂಕ್ಯೂ ಮಾತ್ರ. ಯಾಕೆ ಅಂತ ಕೇಳದೆ ನಾನೂ ಒಂದು ಥ್ಯಾಂಕ್ಯೂ ಹಾಕಿದೆ.

ಅವತ್ತು ಎಲ್ಲವೂ ಸರಿಯಾಗಿ ನಡೆದಿತ್ತು, ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಸಮವಸ್ತ್ರ ಇಸ್ತ್ರಿ ಆಗಿತ್ತು. ಬ್ಯಾಗಿನಲ್ಲಿ ಸ್ಕೇಲು, ಕತ್ತರಿ, ಚಾರ್ಜರು, ಪುಸ್ತಕ ಎಲ್ಲವನ್ನೂ ಪಟ್ಟಿ ಹಿಡಿದು ತುಂಬಿದ್ದೆವು. ಗೇಟಿನ ಹತ್ತಿರ ಕಾರು ನಿಲ್ಲಿಸಿದರೆ ವಾಚ್‌ಮನ್ ನಕ್ಕ. "ಸಾರ್, ಇವತ್ತು ಬಿ ಬ್ಯಾಚು. ಒಳಗೆ ಸೀಟಿಲ್ಲ." ಲೈವ್ ಕ್ಲಾಸಿಗೆ ಆರು ನಿಮಿಷ ಬಾಕಿ. ಮನೆಗೆ ವಾಪಸ್ ಹೋಗಲು ಅರ್ಧ ಗಂಟೆ ಬೇಕು.

ಕಾಂಪೌಂಡಿನ ಪಕ್ಕ ನೆರಳಲ್ಲಿ ಕಾರು ನಿಲ್ಲಿಸಿ, ನನ್ನ ಫೋನನ್ನು ಸ್ಟೇರಿಂಗಿಗೆ ಒರಗಿಸಿ, ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಲಾಗಿನ್ ಮಾಡಿಸಿದೆ. ಲ್ಯಾಪ್‌ಟಾಪ್ ಮನೆಯಲ್ಲಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಅವತ್ತಿನ ಪಾಠ "ನಮ್ಮ ಸುತ್ತಮುತ್ತ". ಒಬ್ಬೊಬ್ಬರೂ ತಮ್ಮ ಕಿಟಕಿಯಿಂದ ಏನು ಕಾಣುತ್ತೆ ಅಂತ ಹೇಳಬೇಕು. ಒಬ್ಬ ಹುಡುಗ ಮರ ಅಂದ. ಒಬ್ಬಳು ಎದುರು ಮನೆಯ ನಾಯಿ ಅಂದಳು. ಇವಳ ಸರದಿ ಬಂತು. ನಾನು ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

"ನನಗೆ ನಮ್ಮ ಸ್ಕೂಲು ಕಾಣ್ತಿದೆ ಮಿಸ್."

"ನಿನ್ನ ಮನೆ ದೂರ ಅಲ್ವಾ ಪುಟ್ಟಾ?"

"ನೀವೂ ಕಾಣ್ತಿದ್ದೀರ ಮಿಸ್. ಮೇಲಿನ ಕಿಟಕೀಲಿ."

ಮಿಸ್ಸು ಎದ್ದು ಕಿಟಕಿಯ ಹತ್ತಿರ ಬಂದರು. ಅವರ ಲ್ಯಾಪ್‌ಟಾಪ್ ಮೇಜಿನ ಮೇಲೇ ಇತ್ತು. ಹಾಗಾಗಿ ಫೋನಿನಲ್ಲಿ ಅವರ ಬೆನ್ನು, ಕಿಟಕಿಯಲ್ಲಿ ಅವರ ಮುಖ. ಕಿಟಕಿಯಲ್ಲಿ ಮೊದಲು ಕೈ ಬೀಸಿದರು, ಸ್ವಲ್ಪ ಹೊತ್ತು ಬಿಟ್ಟು ಫೋನಿನಲ್ಲಿ ಬೀಸಿದರು. ಮಗಳು ಎರಡಕ್ಕೂ ಬೇರೆ ಬೇರೆಯಾಗಿ ಕೈ ಬೀಸಿದಳು. ಆಮೇಲೆ ಮಿಸ್ಸು ಎಲ್ಲರಿಗೂ ಸ್ಕೇಲ್ ತೆಗೆದುಕೊಳ್ಳಿ ಅಂದರು, ಇವಳು ಬ್ಯಾಗಿನಿಂದ ಒಂದಲ್ಲ, ಎರಡು ಸ್ಕೇಲು ತೆಗೆದು ಎತ್ತಿ ತೋರಿಸಿದಳು.