ಎಲ್ಲಿ, ಏನೂ ಕಾಣ್ತಿಲ್ವಲ್ಲ!

ಮೈಕ್ರೋಸ್ಕೋಪ್ ಕೋಣೆಗೆ ಯಾರೇ ಬರಲಿ, ಕುರ್ಚಿ ಎಳೆದುಕೊಂಡು ಮೊದಲು ಐಪೀಸಿಗೆ ಕಣ್ಣಿಡುತ್ತಾರೆ. ಈ ವಾರವೂ ತಪ್ಪಲಿಲ್ಲ. ತಟ್ಟೆಯಲ್ಲಿ ಹೀಲಾ ಎಂಬ ಮಾನವ ಕೋಶಗಳು, ಕೋಶಗಳೊಳಗೆ ಐಆರ್‌ಎಫ್‌ಪಿ713 ಎಂಬ ಹೊಳೆಯುವ ಪ್ರೋಟೀನು. ಬಗ್ಗಿದವರು ಬಗ್ಗಿದಂತೆಯೇ, "ಎಲ್ಲಿ, ಏನೂ ಕಾಣ್ತಿಲ್ವಲ್ಲ?"

ಕಾಣುವುದಿಲ್ಲ ಸಾರ್. ಇದರ ಬೆಳಕು 713 ನ್ಯಾನೊಮೀಟರಿನದು. 555ರ ಹಸಿರಿಗೆ ನಮ್ಮ ಕಣ್ಣು ಒಂದು ರೂಪಾಯಿ ಬೆಲೆ ಕಟ್ಟಿದರೆ, 710ಕ್ಕೆ ಕಾಲು ಪೈಸೆಯನ್ನೂ ಕೊಡುವುದಿಲ್ಲ. ಇಷ್ಟು ಹೇಳಿದರೂ ಕಣ್ಣು ಕೀಳುವುದಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ಶಟರ್ ತೆಗೆದಿದ್ದೀರಾ?" ತೆಗೆದಿದೆ, ಅದಕ್ಕೇ ನೀವು ಹುಡುಕುವ ಅಷ್ಟೂ ಹೊತ್ತು ಕೋಶಗಳು ಬಿಸಿಲಲ್ಲಿ ಒಣಹಾಕಿದ ಬಟ್ಟೆಯ ಹಾಗೆ ಬಣ್ಣ ಬಿಡುತ್ತಿವೆ. ಆಮೇಲೆ ಫೋಕಸ್ ತಿರುಗಿಸುತ್ತಾರೆ, ಇನ್ನೂ ತಿರುಗಿಸುತ್ತಾರೆ, 60ಎಕ್ಸ್ ಎಣ್ಣೆ ಲೆನ್ಸು ಮೇಲೇರಿ ಕವರ್‌ಸ್ಲಿಪ್ಪಿಗೆ ಮುತ್ತಿಡುವ ತನಕ. ಟಕ್. ಕೊನೆಗೊಮ್ಮೆ, "ಹಾಂ, ಮಸುಕಾಗಿ ಏನೋ ಕೆಂಪಗಿದೆ!" ಅದು ಫಿಲ್ಟರಿನಲ್ಲಿ ಸೋರಿದ ದೀಪದ ಬೆಳಕು.

ಪರದೆ ತೋರಿಸಿದರೆ "ಅಬ್ಬಾ, ಎಂಥ ಕೆಂಪು!" ಎನ್ನುತ್ತಾರೆ. ಕ್ಯಾಮೆರಾ ಕೊಟ್ಟದ್ದು ಬೂದು ಚಿತ್ರ. ಕೆಂಪು ಬಳಿದದ್ದು ಸಾಫ್ಟ್‌ವೇರು. ಮೂರು ವರ್ಷ ಕೂತು ಪ್ರೋಟೀನಿಗೆ ಹೊಳಪು ತಂದವರಿಗಿಲ್ಲದ ಹೊಗಳಿಕೆ ಬಣ್ಣದ ಡಬ್ಬಿಗೆ.

ಕಾಣದ ಬೆಳಕಿನ ಹಿಂದೆ ಬಿದ್ದದ್ದಕ್ಕೆ ಕಾರಣವಿದೆ. ಹಸಿರನ್ನು ರಕ್ತದ ಹಿಮೋಗ್ಲೋಬಿನ್ ನುಂಗುತ್ತದೆ, 900 ದಾಟಿದರೆ ನೀರೇ ನುಂಗುತ್ತದೆ. ನಡುವೆ 650ರಿಂದ 900ರ ತನಕದ ಓಣಿಯಲ್ಲಿ ಮಾತ್ರ ಬೆಳಕು ಮೈಯೊಳಗೆ ಒಂದಿಷ್ಟು ದೂರ ಹೋಗಿಬರುತ್ತದೆ. 2009ರಲ್ಲಿ ರೋಜರ್ ಚೆನ್ ಅವರ ಗುಂಪು ಈ ಓಣಿಯಲ್ಲಿ ಹೊಳೆಯುವ ಐಎಫ್‌ಪಿ1.4 ಪ್ರೋಟೀನು ತಂದಿತು, 2011ರಲ್ಲಿ ವರ್ಖುಶಾ ಅವರ ಗುಂಪು ಐಆರ್‌ಎಫ್‌ಪಿ, ಅಂದರೆ ನಮ್ಮ ತಟ್ಟೆಯ ಐಆರ್‌ಎಫ್‌ಪಿ713. ಎರಡೂ ಬ್ಯಾಕ್ಟೀರಿಯಾದ ಫೈಟೋಕ್ರೋಮ್ ಎಂಬ ಬೆಳಕು ಗ್ರಹಿಸುವ ಪ್ರೋಟೀನಿನ ಕುಡಿಗಳು.

ಜೆಲ್ಲಿಮೀನಿನ ಹಸಿರು ಪ್ರೋಟೀನು ಜಿಎಫ್‌ಪಿ ತನ್ನದೇ ಮೂರು ಅಮೈನೊ ಆಮ್ಲಗಳಿಂದ ಬಣ್ಣ ಬೇಯಿಸಿಕೊಳ್ಳುತ್ತದೆ. ಇವಕ್ಕೆ ಬಿಲಿವರ್ಡಿನ್ ಕಡ ತರಬೇಕು. ಮಂಚದ ಕಾಲಿಗೆ ಮೊಣಕಾಲು ತಾಗಿ ಕಂದಿದ ಜಾಗ ಕೆಲವು ದಿನಕ್ಕೆ ಹಸಿರಾಗುತ್ತದಲ್ಲ, ಆ ಹಸಿರೇ ಬಿಲಿವರ್ಡಿನ್. ಕೋಶದಲ್ಲಿ ಹೀಮ್ (ರಕ್ತಕ್ಕೆ ಕೆಂಪು ಕೊಡುವ ಅಣು) ಒಡೆದಾಗ ಹುಟ್ಟುತ್ತದೆ; ಹುಟ್ಟಿದ ಬೆನ್ನಿಗೇ ರಿಡಕ್ಟೇಸ್ ಎಂಬ ಕಿಣ್ವ ಬಂದು ಅದನ್ನು ಕಾಮಾಲೆಯ ಹಳದಿ ಬಿಲಿರುಬಿನ್ ಮಾಡಿಬಿಡುತ್ತದೆ. ಅಷ್ಟರೊಳಗೆ ನಮ್ಮ ಪ್ರೋಟೀನು ಕೈಹಾಕಿ ಹಿಡಿಯಬೇಕು. ಖಾಲಿ ಕೈಯಲ್ಲಿ ಉಳಿದದ್ದನ್ನು ಕೋಶ ಕತ್ತರಿಸಿ ಹಾಕುತ್ತದೆ.

ಹೊಳಪು ಹೆಚ್ಚಿಸಹೊರಟವರು ಎಡವುವುದು ಇಲ್ಲೇ. ಮ್ಯಾಂಗನೀಸ್ ಹಾಕಿ ಪಿಸಿಆರ್ (ಜೀನಿನ ನಕಲು ತೆಗೆಯುವ ಕ್ರಮ) ಕೆಡಿಸಿ, ಜೀನಿಗೆ ಎರಡು ಮೂರು ತಪ್ಪು ಬೀಳುವಂತೆ ಮಾಡಿ, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಸಾವಿರಾರು ಕಾಲೊನಿ ಬೆಳೆಸುತ್ತೇವೆ. ಜೊತೆಗೆ ಹೀಮ್ ಒಡೆಯುವ ಕಿಣ್ವ ಹೀಮ್ ಆಕ್ಸಿಜನೇಸಿನ ಜೀನು ಹೊತ್ತ ಪ್ಲಾಸ್ಮಿಡ್ (ಪುಟ್ಟ ಡಿಎನ್‌ಎ ಬಳೆ) ಇರುವುದರಿಂದ ಬಿಲಿವರ್ಡಿನ್ ಮದುವೆ ಮನೆ ಪಾಯಸದಂತೆ ಹರಿದಾಡುತ್ತದೆ. ಅಲ್ಲಿ ಮಿಂಚಿದ ಅಳಿಯ ಹೀಲಾ ಕೋಶವೆಂಬ ಹಾಸ್ಟೆಲ್ ಮೆಸ್ಸಿಗೆ ಬಂದ ಕೂಡಲೇ ಸೊರಗುತ್ತಾನೆ. ಹಾಗಂತ 25 ಮೈಕ್ರೊಮೋಲಾರ್ ಬಿಲಿವರ್ಡಿನ್ ಹೊರಗಿಂದ ಸುರಿದರೆ ಸೋಮಾರಿಯೂ ಹೊಳೆಯುತ್ತಾನೆ, ಪರೀಕ್ಷೆಯೇ ಕೆಟ್ಟಿತು. ಆಯ್ಕೆಯ ಕೊನೆ ಸುತ್ತು ಸಸ್ತನಿ ಕೋಶದಲ್ಲೇ ನಡೆಯಬೇಕು, ಏನೂ ಸುರಿಯದೆ. ಜೀನಿನ ಹಿಂದೆ ಪಿ2ಎ ಕೊಂಡಿ (ಒಂದೇ ಎಳೆಯಿಂದ ಎರಡು ಬೇರೆ ಪ್ರೋಟೀನು ಬರುವಂತೆ ಮಾಡುವ ತುಣುಕು) ಹಾಕಿ, ಜಿಎಫ್‌ಪಿಯ ಹೊಳಪು ಹೆಚ್ಚಿಸಿದ ರೂಪ ಇಜಿಎಫ್‌ಪಿ ಸೇರಿಸಿ, 48ರಿಂದ 72 ಗಂಟೆ ಬಿಟ್ಟು ಕೆಂಪು-ಹಸಿರಿನ ಅನುಪಾತ ನೋಡಿ. ಇಲ್ಲದಿದ್ದರೆ ಡಿಎನ್‌ಎ ಹೆಚ್ಚು ನುಂಗಿದ ಕೋಶವೇ ಗೆದ್ದಂತೆ ಕಾಣುತ್ತದೆ. ಕಣ್ಣಿಗೆ ಏನಾದರೂ ಕಾಣಲೇಬೇಕು ಎನ್ನುವವರಿಗೂ ಆ ಹಸಿರೇ ಗತಿ: ಅದರಲ್ಲಿ ಫೋಕಸ್ ಹಿಡಿದು, ಕ್ಯಾಮೆರಾದಲ್ಲಿ ಒಂಚೂರು ಸರಿಮಾಡಿಕೊಳ್ಳಿ.

ಲೇಸರ್ ಇನ್ನೊಂದು ಕಾಟ. ಐಆರ್‌ಎಫ್‌ಪಿ713 ಚೆನ್ನಾಗಿ ಹೀರುವುದು 690ರಲ್ಲಿ, ಸಾಮಾನ್ಯವಾಗಿ ಸಿಗುವ ಲೇಸರ್ 640ರದು. ಅದರಲ್ಲೇ ಸುತ್ತಿನ ಮೇಲೆ ಸುತ್ತು ಆರಿಸಿದರೆ ಹೊಳಪು ಏರಿದಂತೆ ಕಾಣುತ್ತದೆ. ಸ್ಪೆಕ್ಟ್ರಮ್ ತೆಗೆದರೆ ಹೀರಿಕೆ ಎಡಕ್ಕೆ, 640ರತ್ತ ಸರಿದಿರುತ್ತದೆ, ಅಷ್ಟೆ. ಪ್ರೋಟೀನು ಜಾಣವಾಗಿಲ್ಲ, ನಿಮ್ಮ ಯಂತ್ರಕ್ಕೆ ಒಗ್ಗಿಕೊಂಡಿದೆ.

ಇಷ್ಟಾದರೂ ನೂರು ಫೋಟಾನ್ (ಬೆಳಕಿನ ಕಣ) ಹೀರಿದರೆ ಐಆರ್‌ಎಫ್‌ಪಿ ಹಿಂತಿರುಗಿಸುವುದು ಸುಮಾರು ಆರು, ಇಜಿಎಫ್‌ಪಿ ಅರವತ್ತು. ಬೈಯಬೇಕೆನಿಸುತ್ತದೆ. ಆದರೆ ಹೊಳೆಯುವುದು ಅದರ ಕಸುಬೇ ಅಲ್ಲ. ಕೆಸರು ನೀರಿನ ಬ್ಯಾಕ್ಟೀರಿಯಾದಲ್ಲಿ ಈ ಕೆಂಪು ಬೆಳಕು ಬಿದ್ದಾಗ ಬಿಲಿವರ್ಡಿನ್ನಿನ ಒಂದು ಉಂಗುರ ಹೊರಳಬೇಕು, ಮನೆಯವರಿಗೆ ಸುದ್ದಿ ಮುಟ್ಟಬೇಕು. ನಮಗೆ ಕಾಣದ್ದನ್ನು ಕಾಣುವ ಕಣ್ಣು ಅದು. ಡೈನೊಕಾಕಸ್ ಎಂಬ ಬ್ಯಾಕ್ಟೀರಿಯಾದ ಇಂಥದೇ ಪ್ರೋಟೀನಿನಲ್ಲಿ 207ನೇ ಜಾಗದ ಆಸ್ಪಾರ್ಟಿಕ್ ಆಮ್ಲವನ್ನು ಹಿಸ್ಟಿಡಿನ್ ಮಾಡಿ ಆ ಹೊರಳಾಟಕ್ಕೆ ಅಡ್ಡಗಾಲು ಹಾಕಿದರು, ನೋಡುತ್ತಿದ್ದದ್ದು ದೀಪವಾಯಿತು. ಕೆಲವು ರಾತ್ರಿ, ಕೋಣೆ ಖಾಲಿಯಿದ್ದಾಗ, ಪಾಪ ಅನ್ನಿಸುತ್ತದೆ.

ಈಗ ಐಪೀಸಿನ ಮೇಲೆ ಚೀಟಿ ಅಂಟಿಸಿದೆ: "ಕಣ್ಣಿಗೆ ಕಾಣುವುದಿಲ್ಲ, ಪರದೆ ನೋಡಿ." ಬಂದವರು ಚೀಟಿ ಎತ್ತಿ ಹಿಡಿದು, ಅದರ ಕೆಳಗಿಂದ ಬಗ್ಗಿ ನೋಡುತ್ತಾರೆ.